ಸ್ಪ್ಯಾನಿಷ್‌ನ 'ದೂರ'ವನ್ನ ಇಂಗ್ಲಿಷಿಗೆ ತರೋದು ಹೇಗೆ? ಮಾಡಿದವರು ಹೇಳಿ

ಸ್ಪ್ಯಾನಿಷ್ ಕಥೆಯೊಂದನ್ನ ಇಂಗ್ಲಿಷಿಗೆ ಮಾಡ್ತಿದೀನಿ, ದೂರದ ಮಾತು ಬಂದಾಗೆಲ್ಲ ಸಿಕ್ಕಾಕೊಳ್ತೀನಿ. ಲೆಗ್ವಾ ಅಂತ ಬಂದ್ರೆ ಮೈಲಿ ಲೆಕ್ಕ ಹಾಕಿ ಬರೀಬೇಕಾ, ಹಾಗೇ ಬಿಡ್ಬೇಕಾ? 'ಅಯಿ', 'ಅಯ್ಯಿ', 'ಅಯ್ಯಾ' ಮೂರಕ್ಕೂ 'ದೇರ್' ಅಂದ್ರೆ ಸಾಕಾ?

*

ಲೆಕ್ಕ ಹಾಕೋಕೆ ಮುಂಚೆ ನೋಡ್ಕೊಳ್ಳಿ, ಅಲ್ಲಿ ಯಾರಾದ್ರೂ ನಿಜವಾಗ್ಲೂ ನಡೀತಿದಾರಾ ಇಲ್ಲಾ ಮಾತಿಗೆ ಹೇಳ್ತಿದಾರಾ ಅಂತ. ಲೆಗ್ವಾ ಅಂದ್ರೆ ನಮ್ಮ ಹರದಾರಿ ಇದ್ದ ಹಾಗೆ, ಸುಮಾರು ಐದೂವರೆ ಕಿಲೋಮೀಟರ್, ಒಂದು ಗಂಟೆ ನಡಿಗೆ. ಹಳೇ ಕಾಲದ ಕಥೇಲಿ ಹೇಸರಗತ್ತೆ ಹೊಡ್ಕೊಂಡು ಮೂರು ಲೆಗ್ವಾ ಹೋದ ಅಂತಿದ್ರೆ ನಾನು 'ಥ್ರೀ ಲೀಗ್ಸ್' ಅಂತಾನೇ ಬಿಡ್ತೀನಿ, ಹತ್ತು ಚಿಲ್ಲರೆ ಮೈಲಿ ಅಂದ್ರೆ ಆ ಕಾಲನೇ ಕಳ್ಕೊಂಡ್‌ಬಿಡ್ತೀವಿ. ಆದ್ರೆ 'ಸೆ ನೋತಾ ಆ ಲಾ ಲೆಗ್ವಾ' ಅಂದಾಗ ಯಾರೂ ಎಲ್ಲಿಗೂ ಹೋಗ್ತಿಲ್ಲ, ನೋಡಿದ್ ತಕ್ಷಣ ಗೊತ್ತಾಗುತ್ತೆ ಅಷ್ಟೇ. 'ಯು ಕ್ಯಾನ್ ಟೆಲ್ ಎ ಮೈಲ್ ಆಫ್' ಸರಿಯಾಗಿ ಕೂರುತ್ತೆ. 'ಆ ತಿರೊ ದೆ ಪಿಯೆದ್ರಾ'ಗಂತೂ ಕಷ್ಟನೇ ಇಲ್ಲ, 'ಸ್ಟೋನ್ಸ್ ಥ್ರೋ', ನಮ್ಮ ಕೂಗಳತೆ ದೂರ.

*

ನಂಗೆ ಕಷ್ಟ ಆಗಿದ್ದು ಊರಾಚೆಯ ಮಾತುಗಳು. ಸ್ಪೇನ್‌ನವರು 'ಎನ್ ಎಲ್ ಕಿಂತೊ ಪಿನೊ' ಅಂತಾರೆ, ಐದನೇ ಪೈನ್ ಮರದ ಹತ್ರ ಅಂತ. ಮ್ಯಾಡ್ರಿಡ್‌ನಲ್ಲಿ ಸಾಲಾಗಿ ಐದು ಮರ ಇತ್ತಂತೆ, ಕೊನೇದು ಊರ ಹೊರಗೆ, ಹಾಗಂತ ಒಂದು ಕಥೆ ಹೇಳ್ತಾರೆ. ಅರ್ಜೆಂಟೀನಾ, ಚಿಲಿ ಕಡೆ ಅದೇ ದೂರಕ್ಕೆ 'ದೋಂದೆ ಎಲ್ ದಿಯಾಬ್ಲೊ ಪೆರ್ದಿಯೊ ಎಲ್ ಪೊಂಚೊ', ಸೈತಾನ ತನ್ನ ಪೊಂಚೊ (ತಲೆ ತೂರಿಸಿ ಹಾಕ್ಕೊಳ್ಳೋ ಕಂಬಳಿ ಥರದ ಹೊದಿಕೆ) ಕಳ್ಕೊಂಡ ಜಾಗ. ಎರಡಕ್ಕೂ 'ಮಿಡಲ್ ಆಫ್ ನೋವೇರ್' ಹಾಕಿದ್ರೆ ಅರ್ಥ ಸರಿಹೋಗುತ್ತೆ, ಆದ್ರೆ ಮಾತಾಡ್ತಿರೋ ಮುದುಕಿ ಯಾವ ಊರವಳು ಅನ್ನೋದು ಹೋಗ್ಬಿಡುತ್ತೆ. ಹಳ್ಳಿ ಬಾಯಿಯ ಪಾತ್ರ ಆದ್ರೆ ನಾನು ಸೈತಾನನನ್ನ ಉಳಿಸ್ಕೋತೀನಿ, ಓದೋರು ಸಂದರ್ಭದಿಂದಾನೇ ಹಿಡೀತಾರೆ.

*

'ದೇರ್' ಸಾಲಲ್ಲ. 'ಅಯಿ' ಅಂದ್ರೆ ನಿನ್ನ ಹತ್ರ, 'ಅಯ್ಯಿ' ಇಬ್ಬರಿಗೂ ದೂರ, 'ಅಯ್ಯಾ' ಅಂದ್ರೆ ಇನ್ನೂ ಆಚೆ ಎಲ್ಲೋ. 'ಎಸ್ತೆ, ಎಸೆ, ಅಕೆಲ್' (ಇದು, ನಿನ್ನ ಹತ್ರದ್ದು, ದೂರದ ಅದು) ಕೂಡ ಹಾಗೇ ಮೂರು ಮೆಟ್ಟಿಲು. ಹಳಗನ್ನಡದಲ್ಲೂ ಇದು ಅದು ಮಧ್ಯೆ 'ಉದು' ಅಂತ ಇತ್ತಲ್ಲ, ಅದನ್ನ ನೆನೆಸಿಕೊಂಡ ಮೇಲೇ ನಂಗೆ ಇದು ಮನಸ್ಸಿಗೆ ಹತ್ತಿದ್ದು. 'ಅಕೆಲ್ ವೆರಾನೊ' ಅಂದ್ರೆ ಬರೀ 'ದಟ್ ಸಮ್ಮರ್' ಅಲ್ಲ, ಕೈಗೆ ಸಿಗದಷ್ಟು ಹಿಂದೆ ಹೋದ ಬೇಸಿಗೆ, ನಾನು 'ದಟ್ ಸಮ್ಮರ್, ಆಲ್ ದೋಸ್ ಇಯರ್ಸ್ ಅಗೋ' ಅಂತ ಸ್ವಲ್ಪ ಎಳೀತೀನಿ. ಪ್ರತಿ ಸಲ ಎಳೀಬೇಡಿ, ದೂರವೇ ವಿಷಯ ಆದಾಗ ಮಾತ್ರ.

*

ಎರಡು ಕಡೆ ಹುಷಾರು. ಕೋಸ್ಟರಿಕಾದವರು ದಾರಿ ಹೇಳುವಾಗ 'ಸಿಯೆನ್ ಮೆತ್ರೊಸ್' (ನೂರು ಮೀಟರ್) ಅಥವಾ 'ಸಿಯೆನ್ ವಾರಾಸ್' (ನೂರು ವಾರಾ, ಅದೊಂದು ಹಳೇ ಅಳತೆ) ಅಂದ್ರೆ ಒಂದು ಬ್ಲಾಕ್ ಅಂತ, ನಿಜವಾದ ಅಳತೆ ಅಲ್ಲ. ವಾರಾ ಸುಮಾರು 84 ಸೆಂಟಿಮೀಟರ್ ಅಂತ ಗುಣಿಸೋಕೆ ಹೋಗ್ಬೇಡಿ, 'ಒನ್ ಬ್ಲಾಕ್' ಅನ್ನಿ. ಇನ್ನೊಂದು 'ಸಾಲ್ವಾಂದೊ ಲಾಸ್ ದಿಸ್ತಾನ್ಸಿಯಾಸ್'. ಇದನ್ನ ನಾನು 'ಕೀಪಿಂಗ್ ದೇರ್ ಡಿಸ್ಟನ್ಸ್' ಅಂತ ಬರೆದು ಕೊಟ್ಟಿದ್ದೆ, ಎಡಿಟರ್ ಹಿಡಿದ್ರು. ಒಬ್ಬಳು ತಾಯಿ ತನ್ನ ಮಗನನ್ನ ದೊಡ್ಡ ಕವಿಗೆ ಹೋಲಿಸ್ತಾ ಹೇಳೋ ಮಾತದು, ಅವರ ಮಟ್ಟ ಬೇರೆ ಇವನ ಮಟ್ಟ ಬೇರೆ ಅಂತ ಗೊತ್ತಿದ್ದೂ ಹೋಲಿಸ್ತೀನಿ ಅಂತ. ನನ್ನ ಸಾಲಲ್ಲಿ ಅವರಿಬ್ಬರೂ ಜಗಳ ಆಡಿ ದೂರ ಆದವರ ಥರ ಆಗಿದ್ರು. ನಿಮ್ಮ ಲೆಗ್ವಾ ಬಂದಿರೋ ಸಾಲು ಹಿಂದೆ ಮುಂದಿನದ್ದರ ಜೊತೆ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.