ಲಫ್ರಾಯ್ಗ್ ಕ್ಯಾಸ್ಕ್ ಸ್ಟ್ರೆಂತ್: ಡೆಟಾಲ್ ವಾಸನೆ ಬರ್ತಿದೆ, ಇದನ್ನ ಹೇಗೆ ಕುಡಿಯೋದು?

ಗುಟುಕುರಾಯ:
ನನ್ನ ತಮ್ಮ ಊರಿಗೆ ಬರುವಾಗ ಡ್ಯೂಟಿ ಫ್ರೀಯಿಂದ ಲಫ್ರಾಯ್ಗ್ 10 ವರ್ಷದ ಕ್ಯಾಸ್ಕ್ ಸ್ಟ್ರೆಂತ್ ವಿಸ್ಕಿ ತಂದುಕೊಟ್ಟ, ಅಂದ್ರೆ ನೀರು ಬೆರೆಸಿ ಇಳಿಸದೆ ಪೀಪಾಯಿಯಲ್ಲಿದ್ದ ಸ್ಟ್ರೆಂತ್‌ನಲ್ಲೇ ಬಾಟಲಿಗೆ ತುಂಬಿದ್ದು. ಲೇಬಲ್ ಮೇಲೆ ಆಲ್ಕೋಹಾಲ್ ಶೇ 58ರ ಆಸುಪಾಸು ಇದೆ. ಇಲ್ಲಿವರೆಗೆ ನಾನು ಕುಡಿದಿದ್ದೆಲ್ಲ ಗ್ಲೆನ್‌ಫಿಡಿಕ್, ಗ್ಲೆನ್‌ಲಿವೆಟ್ ಥರದ ಸಾಧು ಮಾಲ್ಟ್‌ಗಳು. ಇದರ ಕಾರ್ಕ್ ತೆಗೆದಿದ್ದೇ ತಡ, ರೂಮಿಡೀ ಡೆಟಾಲ್, ಟಿಂಚರ್ ವಾಸನೆ. ಯಾರಿಗೆ ಗಾಯ ಆಯ್ತು ಅಂತ ಒಳಗಿಂದ ಹೆಂಡತಿ ಕೇಳಿದಳು. ನೀರಿಲ್ಲದೆ ಒಂದು ಗುಟುಕು ಹಾಕಿದೆ, ನಾಲಿಗೆ ಮರಗಟ್ಟಿತು, ರುಚಿ ಅನ್ನೋದು ಏನೂ ಗೊತ್ತಾಗಲಿಲ್ಲ. ನೀರು ಹಾಕಿದರೆ ಸ್ಟ್ರೆಂತ್‌ಗೆ ಕೊಟ್ಟ ದುಡ್ಡು ದಂಡ ಅಂತಾನೆ ಗೆಳೆಯ. ಸೋಡಾ ಹಾಕೋಕೆ ಮನಸ್ಸು ಬರ್ತಿಲ್ಲ. ಆ ವಾಸನೆ ಇರಬೇಕಾದ್ದೇನಾ? ನೀವೆಲ್ಲ ಹೇಗೆ ಕುಡಿಯುತ್ತೀರಿ?

ಹೊಗೆಗೂಡು:
ಇರಬೇಕಾದ್ದೇ. ಅದಿಲ್ಲದಿದ್ದರೆ ಬಾಟಲಿ ಮೇಲೆ ಅನುಮಾನ ಪಡಬೇಕಿತ್ತು.

ಲಫ್ರಾಯ್ಗ್ ತಯಾರಾಗೋ ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಮರ ಕಡಿಮೆ, ಪೀಟ್ ಜಾಸ್ತಿ. ಪೀಟ್ ಅಂದ್ರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರ್ಧಂಬರ್ಧ ಕೊಳೆತು ಕೂತ ಪಾಚಿ, ಹುಲ್ಲು, ಬೇರು. ಅದನ್ನು ಕೊಯ್ದು, ಒಣಗಿಸಿ, ಉರಿಸಿ, ಮೊಳಕೆ ಬಂದ ಬಾರ್ಲಿಯನ್ನು ಆ ಹೊಗೆಗೆ ಹಿಡಿಯುತ್ತಾರೆ. ಆಗ ಹೊಗೆಯಲ್ಲಿರೋ ಫೀನಾಲ್ ಅನ್ನೋ ಘಾಟು ರಾಸಾಯನಿಕಗಳು ಕಾಳಿಗೆ ಹತ್ತಿಕೊಳ್ಳುತ್ತವೆ. ಅವುಗಳಲ್ಲಿ ನಿಮಗೆ ಬಂದ ಆಸ್ಪತ್ರೆ ವಾಸನೆಗೆ ಮುಖ್ಯವಾಗಿ ಕ್ರೆಸಾಲ್‌ಗಳು ಕಾರಣ, ಹೊಗೆ ವಾಸನೆಗೆ ಗ್ವಾಯಾಕಾಲ್. ಭಟ್ಟಿ ಇಳಿಸಿ ಹತ್ತು ವರ್ಷ ಪೀಪಾಯಿಯಲ್ಲಿಟ್ಟರೂ ಅವು ಪೂರ್ತಿ ಹೋಗಲ್ಲ.

ಇನ್ನು ನೀರು. ಧೈರ್ಯವಾಗಿ ಹಾಕಿ, ನಿಮ್ಮ ಗೆಳೆಯನ ಮಾತು ಬಿಡಿ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಕಂಪ್ಯೂಟರಿನಲ್ಲಿ ಇದನ್ನೇ ಲೆಕ್ಕ ಹಾಕಿ ನೋಡಿದ್ದರು. ಆಲ್ಕೋಹಾಲ್ ಶೇ 59 ದಾಟಿದರೆ ಗ್ವಾಯಾಕಾಲ್ ಆಲ್ಕೋಹಾಲ್ ಅಣುಗಳ ನಡುವೆ ಸಿಕ್ಕಿ ಒಳಗೇ ಉಳಿಯುತ್ತದೆ, ಶೇ 45ರ ಹತ್ತಿರ ಇಳಿದರೆ ಮೇಲಕ್ಕೆ ಬರುತ್ತದೆ. ಅಂದ್ರೆ ನೀರು ಹಾಕದೆ ಬಿಟ್ಟಾಗಲೇ ನೀವು ದುಡ್ಡು ಕೊಟ್ಟ ಹೊಗೆ ಮೂಗಿಗೆ ಸರಿಯಾಗಿ ಸಿಗಲ್ಲ.

ಗ್ಲಾಸಿಗೆ 30 ಮಿಲಿ ಹಾಕಿ ಹತ್ತು ನಿಮಿಷ ಸುಮ್ನೆ ಬಿಡಿ. ಮೂಗನ್ನು ಗ್ಲಾಸಿನೊಳಗೆ ತುರುಕಬೇಡಿ, ಗಲ್ಲದ ಹತ್ತಿರ ಹಿಡಿದು ಬಾಯಿ ಸ್ವಲ್ಪ ತೆರೆದು ಮೂಸಿ. ಮೊದಲ ಗುಟುಕು ನಾಲಿಗೆಯನ್ನು ಅಣಿ ಮಾಡೋಕೆ ಅಷ್ಟೆ, ನಾಲ್ಕು ಹನಿ ಸಾಕು, ಅದರ ಮೇಲೆ ತೀರ್ಪು ಕೊಡಬೇಡಿ. ಆಮೇಲೆ ಒಂದು ಟೀ ಚಮಚ ನೀರು. 5 ಮಿಲಿ ಬಿದ್ದರೆ ಶೇ 50ಕ್ಕೆ ಇಳಿಯುತ್ತದೆ, ಇನ್ನೊಂದು ಚಮಚಕ್ಕೆ 43-44. ನನಗೆ ಒಂದೂವರೆ ಚಮಚದಲ್ಲಿ ಡೆಟಾಲ್ ಹಿಂದೆ ಸರಿದು ವೆನಿಲ್ಲಾ, ಉಪ್ಪು, ಕರಿಮೆಣಸು ಮುಂದೆ ಬರುತ್ತವೆ. ವೆನಿಲ್ಲಾ ಬರೋದು ಮೊದಲು ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿದ್ದ ಓಕ್ ಪೀಪಾಯಿಯಿಂದ. ನೀರು ಬಿದ್ದಾಗ ಸ್ವಲ್ಪ ಮಬ್ಬಾದರೆ ಗಾಬರಿ ಬೇಡ, ಚಿಲ್ ಫಿಲ್ಟರ್ ಮಾಡದ, ಅಂದ್ರೆ ತಣ್ಣಗೆ ಮಾಡಿ ಸೋಸದ ವಿಸ್ಕಿ ಹಾಗೇ. ಐಸ್ ಮಾತ್ರ ಬೇಡ, ತಣ್ಣಗಾದರೆ ವಾಸನೆ ಏಳಲ್ಲ.

ನೀರಿಲ್ಲದವನು:
ನಾನು ಒಪ್ಪಲ್ಲ. ಲೆಕ್ಕ ಕಂಪ್ಯೂಟರಿನದು, ನಾಲಿಗೆ ನಮ್ಮದು. ಹನಿಹನಿಯಾಗಿ ಕುಡಿದರೆ ಶೇ 58 ಏನೂ ಮಾಡಲ್ಲ, ಎಂಜಲೇ ಬೇಕಾದಷ್ಟು ನೀರು ಸೇರಿಸುತ್ತೆ! ಆ ಎಣ್ಣೆಯಂಥ ಜಿಡ್ಡು ನೀರು ಹಾಕಿದ ಮೇಲೆ ಎಲ್ಲಿರುತ್ತೆ ಹೇಳಿ.

ಇನ್ನೊಂದು, ಪಿಪಿಎಂ ಸಂಖ್ಯೆ (ಹತ್ತು ಲಕ್ಷ ಭಾಗದಲ್ಲಿ ಫೀನಾಲ್ ಎಷ್ಟು ಭಾಗ ಅನ್ನೋ ಲೆಕ್ಕ) ನೋಡಿ ಮುಂದಿನ ಬಾಟಲಿ ತಗೋಬೇಡಿ. ಲಫ್ರಾಯ್ಗ್ 40-45, ಆರ್ಡ್‌ಬೆಗ್ 50-55, ಬ್ರುಕ್‌ಲಾಡಿಯವರ ಆಕ್ಟೋಮೋರ್ 8.3 ಅಂತೂ 309. ಹಾಗಂತ ಅದು ಏಳು ಪಟ್ಟು ಹೊಗೆ ಅಲ್ಲ. ಆ ಅಳತೆ ಬಾರ್ಲಿಯದ್ದು, ಬಾಟಲಿಯದ್ದಲ್ಲ. ಭಟ್ಟಿಯಿಂದ ಇಳಿಯೋ ದ್ರವದಲ್ಲಿ ಎಲ್ಲಿಂದ ಎಲ್ಲಿವರೆಗಿನ ಭಾಗ ಹಿಡಿದಿಟ್ಟರು ಅನ್ನೋದರ ಮೇಲೆ ಉಳಿದಿದ್ದು.

ಕೆಂಗೇರಿ ಕಡೆಯವ:
ಇವರಿಬ್ಬರ ಜಗಳ ಮುಗಿಯೋದಲ್ಲ. ಮುಂದಿನ ಬಾಟಲಿಗೆ ನಮ್ಮ ಅಮೃತ್ ಪೀಟೆಡ್ ಕ್ಯಾಸ್ಕ್ ಸ್ಟ್ರೆಂತ್ ನೋಡಿ, ಶೇ 62.8. ಮೈಸೂರು ರಸ್ತೆ ಪಕ್ಕ ಕಂಬೀಪುರದಲ್ಲಿ ಮಾಡೋದು, ಪೀಟ್ ಹೊಗೆ ಹಿಡಿದ ಬಾರ್ಲಿ ಮಾತ್ರ ಸ್ಕಾಟ್ಲೆಂಡಿನದು. ಇಲ್ಲಿನ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ ಶೇ 10-12 ಆವಿಯಾಗಿ ಹೋಗುತ್ತೆ, ಅಲ್ಲಿ ಹೋಗೋದು ಶೇ 2ರಷ್ಟು. ಅದಕ್ಕೇ ಇಲ್ಲಿ ಹತ್ತು ವರ್ಷ ಕಾಯೋಕಾಗಲ್ಲ, ಕೆಲವೇ ವರ್ಷಕ್ಕೆ ಮಾಗುತ್ತೆ. ಇದರಲ್ಲಿ ಆಸ್ಪತ್ರೆ ಕಡಿಮೆ, ಸಿಹಿ ಜಾಸ್ತಿ. ಆದರೆ 62.8 ಅಂದ್ರೆ ನೀರಿಲ್ಲದವನಿಗೂ ನೀರು ಬೇಕಾಗುತ್ತೆ ಬಿಡಿ. 30 ಮಿಲಿಗೆ ಎರಡು ಚಮಚ ಹಾಕಿದರೆ 47ಕ್ಕೆ ಬರುತ್ತೆ.

ಗುಟುಕುರಾಯ:
ನಿನ್ನೆ ರಾತ್ರಿ ಎರಡೂ ಥರ ನೋಡಿದೆ. ಒಂದು ಚಮಚಕ್ಕೆ ಸಿಹಿ ಸಿಕ್ಕಿತು, ಎರಡಕ್ಕೆ ಹೊಗೆ ಇನ್ನೂ ಜೋರಾಯಿತು, ಗಂಟಲಲ್ಲಿ ಮಲಗುವವರೆಗೂ ಇತ್ತು. ಇಷ್ಟ ಆಯ್ತು ಅಂತ ಇನ್ನೂ ಹೇಳಲಾರೆ, ಆದರೆ ಇನ್ನೊಂದು ಪೆಗ್ ಬೇಕನ್ನಿಸಿತು. ಜೊತೆಗೆ ಏನು ನೆಂಚಿಕೊಳ್ಳಬಹುದು? ಬಾಟಲಿ ಎಷ್ಟು ದಿನ ಇಡಬಹುದು?

ಹೊಗೆಗೂಡು:
ಮಿರ್ಚಿ, ಉಪ್ಪಿನಕಾಯಿ, ಖಾರದ ಶೇಂಗಾ ಹತ್ತಿರ ಬರಕೂಡದು, ನಾಲಿಗೆ ಸತ್ತರೆ ಉಳಿದಿದ್ದೆಲ್ಲ ವ್ಯರ್ಥ. ಉಪ್ಪು ಹಾಕಿದ ಗೋಡಂಬಿ ಅಥವಾ ಕಹಿ ಚಾಕೊಲೇಟ್ ಸಾಕು, ಅದೂ ಎರಡು ಗುಟುಕಿನ ನಡುವೆ.

ಬಾಟಲಿ ನೆಟ್ಟಗೆ ನಿಲ್ಲಿಸಿಡಿ, ಮಲಗಿಸಿದರೆ ಈ ಸ್ಟ್ರೆಂತ್ ಕಾರ್ಕನ್ನು ತಿಂದುಹಾಕುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ ಗಾಳಿಗೆ ಹೊಗೆ ಮೆತ್ತಗಾಗುತ್ತಾ ಹೋಗುತ್ತೆ. ಆಗ ಚಿಕ್ಕ ಬಾಟಲಿಗೆ ತುಂಬಿಡಿ, ಇಲ್ಲ ತಮ್ಮನನ್ನು ಕರೆಸಿ ಮುಗಿಸಿ.