ಮನೆಯ ಗ್ಯಾರೇಜಿನಲ್ಲಿ ಎಂಜಿಬಿ ಎಂಜಿನ್ ಇಳಿಸುವುದು: ಗೇರ್‌ಬಾಕ್ಸ್ ಸಮೇತವೋ, ಎಂಜಿನ್ ಮಾತ್ರವೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1965ರ ಎಂಜಿಬಿ ರೋಡ್‌ಸ್ಟರ್ (ತೆರೆದ ಛಾವಣಿಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇದೆ. 1798 ಸಿಸಿಯ ಎಂಜಿನ್ ಚೆನ್ನಾಗಿಯೇ ಓಡುತ್ತಿದ್ದರೂ ಏರಿನಲ್ಲಿ ಕ್ಲಚ್ ಜಾರುತ್ತಿದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಕ್ಲಚ್ಚನ್ನು ಮುಚ್ಚಿರುವ ಬೆಲ್‌ಹೌಸಿಂಗ್‌ನ ಅಡಿಯಿಂದ ಎಣ್ಣೆಯೂ ತೊಟ್ಟಿಕ್ಕುತ್ತಿದೆ. ಈ ಕಾರಿನಲ್ಲಿ ಗೇರ್‌ಬಾಕ್ಸನ್ನಷ್ಟೇ ಕೆಳಗಿನಿಂದ ಬಿಚ್ಚಿ ತೆಗೆಯಲು ಬರುವುದಿಲ್ಲವಾದ್ದರಿಂದ ಎಂಜಿನ್ ಇಳಿಸದೆ ಬೇರೆ ದಾರಿಯಿಲ್ಲ. ಗ್ಯಾರೇಜಿನಲ್ಲಿ ಒಂದು ಕಾರಿಗಷ್ಟೇ ಜಾಗವಿದೆ, ಸಹಾಯಕ್ಕೆ ಒಬ್ಬರು ಬರುತ್ತಾರೆ. ಎಂಜಿನ್ ಮಾತ್ರ ತೆಗೆಯುವುದು ಒಳ್ಳೆಯದೋ ಅಥವಾ ಗೇರ್‌ಬಾಕ್ಸ್ ಸಮೇತ ಎತ್ತುವುದೋ? ಛಾವಣಿಯ ತೊಲೆಗೆ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ರಾಟೆ) ಕಟ್ಟಿಕೊಂಡರೆ ಕ್ರೇನ್ ಬೇಕಾಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಸರಿಯೇ?

ಮೊದಲ ಉತ್ತರ

ತೊಲೆಯ ವಿಚಾರವನ್ನು ದಯವಿಟ್ಟು ಕೈಬಿಡಿ. ಛಾವಣಿಯ ತೊಲೆಗಳು ಹರಡಿ ಬೀಳುವ ಭಾರವನ್ನು ಹೊರಲು ಕಟ್ಟಿದವು. ಎರಕದ ಕಬ್ಬಿಣದ ಎಂಜಿನ್ ಒಂದೇ ಬಿಂದುವಿನಲ್ಲಿ ತೂಗಾಡುವಾಗ ಅವು ತಡೆಯುತ್ತವೆಂದು ನೋಡಿದ ಮಾತ್ರಕ್ಕೆ ಹೇಳಲಾಗದು. ಮಡಚುವ ಕ್ರೇನನ್ನೇ ತನ್ನಿ, ಆದರೆ ಅದರ ತೋಳಿನ ಮೇಲೆ ಬರೆದಿರುವ ಅಂಕಿಗಳನ್ನು ಓದಿಕೊಳ್ಳಿ. 2 ಟನ್ ಎಂದು ಮಾರುವ ಕ್ರೇನ್ ಕೂಡ ತೋಳನ್ನು ಪೂರ್ತಿ ಚಾಚಿದಾಗ ಸಾಮಾನ್ಯವಾಗಿ ಅದರ ಕಾಲು ಭಾಗದಷ್ಟನ್ನೇ ಎತ್ತಬಲ್ಲದು, ಮತ್ತು ಬಾನೆಟ್ಟಿನೊಳಗೆ ಆಳಕ್ಕೆ ತಲುಪಲು ನೀವು ತೋಳನ್ನು ಚಾಚಲೇಬೇಕಾಗುತ್ತದೆ.

ನನ್ನ ಸಲಹೆ ಗೇರ್‌ಬಾಕ್ಸ್ ಸಮೇತ ಎತ್ತುವುದೇ. ಬೇರ್ಪಡಿಸಿ ಎತ್ತಿದರೆ ಎಂಜಿನ್ ನೇರವಾಗಿ ಮುಂದಕ್ಕೆ ಸರಿದು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್‌ನಿಂದ ಪೂರ್ತಿ ಕಳಚುವವರೆಗೂ ಎರಡರ ಎತ್ತರ ಒಂದೇ ಸಮನಾಗಿರಬೇಕು. ಸ್ವಲ್ಪ ವಾಲಿದರೂ ಭಾರವೆಲ್ಲ ಆ ಶಾಫ್ಟ್‌ನ ಮೇಲೆ ಬಿದ್ದು ಕ್ಲಚ್ ಪ್ಲೇಟಿನ ನಡುವಿನ ಭಾಗ ಬಾಗುತ್ತದೆ. ತೆಗೆಯುವಾಗ ಅದು ನಷ್ಟವಲ್ಲ, ಏಕೆಂದರೆ ಹಳೆಯ ಪ್ಲೇಟ್ ಹೇಗೂ ಹೋಗುವಂಥದ್ದು. ಆದರೆ ಹೊಸ ಪ್ಲೇಟ್ ಹಾಕಿ ಮರಳಿ ಕೂರಿಸುವಾಗಲೂ ಅದೇ ಅಪಾಯ ಎದುರಾಗುತ್ತದೆ. ಎರಡನ್ನೂ ನೆಲದ ಮೇಲೆ ಜೋಡಿಸಿಕೊಂಡು ಒಟ್ಟಿಗೆ ಇಳಿಸುವುದು ಎಷ್ಟೋ ನೆಮ್ಮದಿ. ಇದಕ್ಕೆ ಗೇರ್ ಲಿವರ್, ಸ್ಪೀಡೋಮೀಟರ್ ಕೇಬಲ್, ಗೇರ್‌ಬಾಕ್ಸಿನ ಹಿಂದಿನ ಅಡ್ಡಪಟ್ಟಿ, ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇವನ್ನು ಬಿಚ್ಚಬೇಕು. ಶಾಫ್ಟ್ ಬಿಚ್ಚುವ ಮೊದಲು ಬೋಲ್ಟ್‌ಗಳಿಂದ ಕೂಡುವ ಎರಡೂ ಫ್ಲ್ಯಾಂಜುಗಳ ಮೇಲೆ ಗುರುತು ಹಾಕಿಕೊಳ್ಳಿ. ಗೇರ್‌ಬಾಕ್ಸಿನ ಬಾಲ ಕೆಳಗಾಗಿ ವಾಲಿಕೊಂಡೇ ಹೊರಬರುವುದರಿಂದ ಅದರ ಎಣ್ಣೆಯನ್ನು ಮೊದಲೇ ಬಸಿಯಿರಿ. ಎಂಜಿನ್ ವಾಲುವ ಕೋನವನ್ನು ಹೊಂದಿಸುವ ಲೋಡ್ ಲೆವೆಲರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಎರಡನೆಯ ಉತ್ತರ

ಮೇಲಿನವರ ಕಾರಣಗಳನ್ನು ನಾನು ಒಪ್ಪುತ್ತೇನೆ, ಆದರೆ ನಿಮ್ಮ ಜಾಗವನ್ನು ಗಮನಿಸಿದರೆ ಒಂದು ವಿಷಯ ಸೇರಿಸಬೇಕೆನಿಸುತ್ತದೆ. ಗೇರ್‌ಬಾಕ್ಸ್ ಸಮೇತವಾದ ಎಂಜಿನ್ ಉದ್ದವಾಗಿರುವುದರಿಂದ ಮುಂಭಾಗದ ಅಡ್ಡತಗಡನ್ನು ದಾಟಲು ಬಹಳ ಎತ್ತರಕ್ಕೆ ಹೋಗಬೇಕು, ಕಾರಿನ ಮುಂದೆ ಸಾಕಷ್ಟು ಜಾಗವೂ ಬೇಕು. ಭಾರ ಇಳಿಯುತ್ತಿದ್ದಂತೆ ಮುಂದಿನ ಸ್ಪ್ರಿಂಗುಗಳು ಸಡಿಲಗೊಂಡು ಕಾರಿನ ಮೂತಿಯೂ ಮೇಲೇಳುತ್ತದೆ, ಆದ್ದರಿಂದ ಲೆಕ್ಕ ಹಾಕಿದ ಎತ್ತರ ಸಾಲದೆ ಬರುತ್ತದೆ. ಕ್ರೇನಿನ ತೋಳು ಛಾವಣಿಗೆ ತಾಗುವಂತಿದ್ದರೆ ಗೇರ್‌ಬಾಕ್ಸಿಗೆ ಜ್ಯಾಕ್ ಆಸರೆ ಕೊಟ್ಟು ಎಂಜಿನ್ ಮಾತ್ರ ತೆಗೆಯುವುದೇ ಸುರಕ್ಷಿತ.

ಯಾವ ದಾರಿ ಹಿಡಿದರೂ, ಭಾರ ಹೊತ್ತ ಕ್ರೇನನ್ನು ಚಕ್ರಗಳ ಮೇಲೆ ತಳ್ಳಿಕೊಂಡು ಹೋಗಬೇಡಿ. ಅದರ ಚಕ್ರಗಳು ಚಿಕ್ಕವು. ನೆಲದ ಒಂದು ಬಿರುಕಿಗೆ ಸಿಕ್ಕಿದರೂ ಮೇಲಿನ ಭಾರ ತೂಗಿ ಕ್ರೇನ್ ಮಗುಚಬಹುದು. ಕ್ರೇನ್ ನಿಂತಲ್ಲೇ ನಿಲ್ಲಲಿ, ಕಾರನ್ನು ಹಿಂದಕ್ಕೆ ತಳ್ಳಿ, ಕೂಡಲೇ ಎಂಜಿನನ್ನು ನೆಲದ ಹತ್ತಿರಕ್ಕೆ ಇಳಿಸಿ. ತೂಗುತ್ತಿರುವ ಎಂಜಿನ್ನಿನ ಕೆಳಗೆ ಕೈಯನ್ನೂ ಒಡ್ಡಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಛಾವಣಿ ತಗ್ಗಾಗಿಯೇ ಇದೆ, ಹಾಗಾಗಿ ಕಾರನ್ನು ಅರ್ಧ ಹೊರಕ್ಕೆ ನಿಲ್ಲಿಸಿ ಗೇರ್‌ಬಾಕ್ಸ್ ಸಮೇತ ಎತ್ತಲು ಯೋಚಿಸಿದ್ದೇನೆ. ತಂತಿ, ಕೊಳವೆಗಳಲ್ಲಿ ಸುಲಭವಾಗಿ ಮರೆತುಹೋಗುವಂಥವು ಯಾವುವು?

ಮೂರನೆಯ ಉತ್ತರ

ನಿಮ್ಮ ಕಾರಿನಲ್ಲಿ ಸೀಟುಗಳ ಹಿಂದೆ 6 ವೋಲ್ಟ್‌ನ ಎರಡು ಬ್ಯಾಟರಿಗಳಿವೆ, ಮತ್ತು ಆ ವರ್ಷದ ಎಂಜಿಬಿಗಳಲ್ಲಿ ಕಾರಿನ ಲೋಹದ ಬಾಡಿಗೆ (ಅರ್ತಿಂಗ್ ಆಗಿ) ಸೇರುವುದು ಪಾಸಿಟಿವ್ ತುದಿ. ಅರ್ತಿಂಗ್ ತಂತಿಯನ್ನು ಮೊದಲು ಬಿಚ್ಚಬೇಕೆಂಬುದು ನಿಯಮ; ಇಲ್ಲಿ ಅದು ನೆಗೆಟಿವ್ ಅಲ್ಲ ಎಂಬುದನ್ನು ನೆನಪಿಡಿ.

ಎಲ್ಲಕ್ಕಿಂತ ಹೆಚ್ಚು ಜೋಪಾನ ಬೇಕಾದದ್ದು ನೀರಿನ ತಾಪಮಾನ ತೋರಿಸುವ ಗೇಜಿನ ಸಣ್ಣ ಲೋಹದ ನಳಿಕೆ. ಅದು ವಿದ್ಯುತ್ ತಂತಿಯಲ್ಲ. ಒಳಗೆ ದ್ರವ ತುಂಬಿ ಮುಚ್ಚಿರುವ ಕೊಳವೆ. ಸಿಲಿಂಡರ್ ಹೆಡ್‌ನಲ್ಲಿ ಕೂತಿರುವ ಬಲ್ಬನ್ನು ನಟ್ ಸಡಿಲಿಸಿ ಹಿಡಿದೆಳೆಯದೆ ಮೆಲ್ಲಗೆ ಹೊರತೆಗೆದು ಸುರುಳಿಯಾಗಿ ಪಕ್ಕಕ್ಕಿಡಬೇಕು. ಆ ನಳಿಕೆ ತುಂಡಾದರೆ ಗೇಜ್ ಸತ್ತಂತೆಯೇ. ಕ್ಲಚ್ಚಿನ ಸ್ಲೇವ್ ಸಿಲಿಂಡರನ್ನು (ಪೆಡಲ್ ತುಳಿದಾಗ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಮೆದುಗೊಳವೆಯ ಸಮೇತ ಬಿಚ್ಚಿ ಕಟ್ಟಿಡಿ, ಆ ಮೇಲೆ ಪೆಡಲನ್ನು ಯಾರೂ ತುಳಿಯದಿರಲಿ. ಪೆಟ್ರೋಲ್ ಕೊಳವೆಯ ಬಾಯಿ ಮುಚ್ಚಿ. ರೇಡಿಯೇಟರಿನ ಕೂಲೆಂಟ್ ಸಿಹಿಯಾದ ವಿಷ, ನಾಯಿ ಬೆಕ್ಕುಗಳು ನೆಕ್ಕದಂತೆ ತಕ್ಷಣ ಮುಚ್ಚಿಡಿ.

ಕ್ಲಚ್ ಬಿಚ್ಚಿದಾಗ ಸಿಗುವ ಹಳೆಯ ಪುಡಿಯಲ್ಲಿ ಆಸ್ಬೆಸ್ಟಾಸ್ ಇರಬಹುದು. ಗಾಳಿ ಹೊಡೆದು ಊದದೆ, ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ. ಇಷ್ಟೆಲ್ಲ ಬಿಚ್ಚಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಕಾರ್ಬನ್ ರಿಲೀಸ್ ಬೇರಿಂಗ್, ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ಸೀಲ್, ಎಂಜಿನ್ ಮೌಂಟಿನ ರಬ್ಬರುಗಳು ಇವನ್ನು ಒಟ್ಟಿಗೇ ಬದಲಿಸಿ.

ಮರಳಿ ಜೋಡಿಸುವಾಗ ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತಿಂಗ್ ಪಟ್ಟಿಯನ್ನು ಹಾಕದೆ ಬಿಟ್ಟರೆ, ಸ್ಟಾರ್ಟರಿನ ಕರೆಂಟೆಲ್ಲ ಚೋಕ್ ಅಥವಾ ಆಕ್ಸಿಲರೇಟರ್ ಕೇಬಲಿನ ಮೂಲಕ ಹರಿದು ಅದನ್ನು ಸುಟ್ಟುಬಿಡುತ್ತದೆ. ಆ ಪಟ್ಟಿಯ ಎರಡೂ ತುದಿಗಳನ್ನು ಉಜ್ಜಿ ಹೊಳಪು ಮಾಡಿ ಬಿಗಿಯಿರಿ, ಬ್ಯಾಟರಿಯನ್ನು ಆಮೇಲೆ ಜೋಡಿಸಿ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದಿಟ್ಟು, ಆಯಿಲ್ ಪ್ರೆಷರ್ ಗೇಜಿನ ಮುಳ್ಳು ಏಳುವವರೆಗೂ ನಡುನಡುವೆ ಬಿಡುವು ಕೊಡುತ್ತ ಸ್ಟಾರ್ಟರ್ ತಿರುಗಿಸಿ.