‘ಹೈಪ್’ ಅಂದರೆ ಹವಾನಾ, ಬಿಲ್ಡಪ್ಪಾ, ಗೌಜಿನಾ?

ಬಳಗದ ಎಲ್ಲರಿಗೂ ನಮಸ್ಕಾರ.

ಅಕ್ಕನ ಮಗ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ರೋಲರ್ ಕೋಸ್ಟರ್ ಹುಚ್ಚು. ಅಲ್ಲೇ ಊರಾಚೆ ಕಿದ್ದಿಯಾದ ಮನರಂಜನಾ ಪಾರ್ಕಿನಲ್ಲಿ ಫಾಲ್ಕನ್ಸ್ ಫ್ಲೈಟ್ ಅನ್ನೋ ಕೋಸ್ಟರ್ 2025ರ ಡಿಸೆಂಬರ್ 31ಕ್ಕೆ ಶುರುವಾಯಿತು. ಅದಕ್ಕೂ ಮುಂಚೆ ಅಭಿಮಾನಿಗಳು ಹೇಗೆಲ್ಲ ಕಾದರು, ಕುಣಿದರು, ಬೈದುಕೊಂಡರು ಅಂತ ಕನ್ನಡದಲ್ಲಿ ಒಂದು ವಿಡಿಯೊ ಮಾಡುತ್ತಿದ್ದಾನೆ. ಹೋದ ವಾರ ಫೋನ್ ಮಾಡಿ, ‘ಮಾವ, ಹೈಪ್‌ಗೆ ಕನ್ನಡದಲ್ಲಿ ಏನಂತಾರೆ?’ ಅಂದ. ‘ನಿರೀಕ್ಷೆ’ ಅಂದೆ. ‘ಪಿಯುಸಿ ರಿಸಲ್ಟ್ ಕಾದ ಹಾಗಾಯ್ತು, ಬೇರೆ ಹೇಳಿ’ ಅಂದ. ಅವನು ಹೇಳಿದ್ದು ಸರಿ ಅನ್ನಿಸಿತು. ಅವತ್ತಿಂದ ಈ ಪದ ತಲೆಯಲ್ಲಿ ಕೂತಿದೆ.

ಪದ ತೂಗೋಕೆ ಸಂದರ್ಭ ಗೊತ್ತಿರಬೇಕು, ಅದನ್ನು ಹೇಳಿಬಿಡುತ್ತೇನೆ. ಈ ಕೋಸ್ಟರ್‌ನ ಸುದ್ದಿ ಹೊರಬಿದ್ದದ್ದು 2019ರಲ್ಲಿ. 2023ಕ್ಕೆ ತೆರೆಯುತ್ತೇವೆ ಅಂದಿದ್ದರು, ಆಗಲಿಲ್ಲ. ತುವೈಕ್ ಬೆಟ್ಟಸಾಲಿನ ಅಂಚಿನಿಂದ ನೇರ ಕೆಳಗೆ ಧುಮುಕುವ ಹಳಿ ಇದರದು. ವೇಗ ಗಂಟೆಗೆ 250 ಕಿ.ಮೀ. ಎತ್ತರ ಸುಮಾರು 195 ಮೀಟರ್, ಉದ್ದ 4 ಕಿ.ಮೀ.ಗಿಂತ ಜಾಸ್ತಿ. ಇಲ್ಲಿಯವರೆಗೆ ವೇಗದಲ್ಲಿ ಮುಂದಿದ್ದದ್ದು ಅಬುಧಾಬಿಯ ಫಾರ್ಮುಲಾ ರೊಸ್ಸಾ, 240 ಕಿ.ಮೀ. ಉದ್ದದಲ್ಲಿ ಜಪಾನಿನ ಸ್ಟೀಲ್ ಡ್ರ್ಯಾಗನ್ 2000, 2,479 ಮೀಟರ್. ಎತ್ತರದಲ್ಲಿ ಅಮೆರಿಕದ ನ್ಯೂಜೆರ್ಸಿಯ ಕಿಂಗ್ಡಾ ಕಾ, 139 ಮೀಟರ್. ಕಿಂಗ್ಡಾ ಕಾ ಅಂತೂ ಸೋಲೋದಕ್ಕೂ ಉಳಿಯಲಿಲ್ಲ. 2025ರ ಫೆಬ್ರವರಿ 28ರಂದು ಸ್ಫೋಟಕ ಇಟ್ಟು ಅದನ್ನು ಕೆಡವಿದರು.

ಇಂಥದ್ದು ಬರುತ್ತದೆ ಅಂದಾಗ ಅಭಿಮಾನಿಗಳು ಸುಮ್ನೆ ಇರುತ್ತಾರಾ? ‘ಇದು ಕಂಪ್ಯೂಟರ್ ಚಿತ್ರದಲ್ಲೇ ಉಳಿಯೋದು’ ಅಂತ ಮೂಗು ಮುರಿದವರು ಒಂದು ಕಡೆ. ಕಂಬ ಎದ್ದ ಹಾಗೆಲ್ಲ ದೂರದಿಂದ ತೆಗೆದ ಫೋಟೊ ಹಿಗ್ಗಿಸಿ ಹಳಿಯ ತುಂಡು ಎಣಿಸಿದವರು ಇನ್ನೊಂದು ಕಡೆ. ಖಾಲಿ ರೈಲು ಓಡಿಸಿ ನೋಡುವ ದಿನ ಬಂದಾಗ ಹೊಸ ಚಿಂತೆ. ದಿಬ್ಬ ಹತ್ತಲಾರದೆ ನಡುವೆ ನಿಂತರೆ? ಮರಳು ಕಣ್ಣಿಗೆ ಹೊಡೆದರೆ? ಫಾರ್ಮುಲಾ ರೊಸ್ಸಾದಲ್ಲಿ ಕೂತವರಿಗೆಲ್ಲ ಕಣ್ಣಿಗೆ ಗಾಗಲ್ ಕಟ್ಟಿಸುತ್ತಾರೆ. ಇಲ್ಲಿ ರೈಲಿನ ಮೂತಿಗೆ ಗಾಜು ಹಾಕಿದ್ದಾರೆ. ‘ಗಾಳಿ ಮುಖಕ್ಕೆ ಬಡಿಯದಿದ್ದರೆ ಅದೆಂಥ 250?’ ಅಂತ ಮುನಿಸಿಕೊಂಡವರೂ ಇದ್ದರಂತೆ. ಒಬ್ಬನೂ ಇನ್ನೂ ಹತ್ತಿಲ್ಲ, ಹತ್ತಕ್ಕೆ ಒಂಬತ್ತು, ಹತ್ತಕ್ಕೆ ಆರು ಅಂತ ಅಂಕ ಕೊಟ್ಟು ಮುಗಿದಿತ್ತು.

ನನಗೆ ಮೊದಲು ಹೊಳೆದದ್ದು ನಮ್ಮ ಹಳೇ ಕುಲಾವಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರು ಅಂತೀವಲ್ಲ, ಹತ್ತದೇ ಅಂಕ ಕೊಡುವವರಿಗೆ ಅದು ಅಳತೆ ತೆಗೆದು ಹೊಲಿಸಿದ ಹಾಗಿದೆ. ಆದರೆ ಆ ಮಾತಿನಲ್ಲಿ ಕುಹಕ ಇದೆ. ಹೊರಗೆ ನಿಂತವನು ಆಡುವ ಮಾತು ಅದು. ಕುಲಾವಿ ಹೊಲಿಯುತ್ತಿರುವ ಅಜ್ಜಿಯ ಖುಷಿಗೆ ಏನನ್ನಬೇಕು? ನನ್ನ ಅಳಿಯನಿಗೆ ಬೇಕಿರೋದು ಆ ಪದ.

ಆಮೇಲೆ ‘ಬಿಲ್ಡಪ್’. ಇದು ಇಂಗ್ಲಿಷಿನದು ಅಂತ ಯಾರೂ ಈಗ ನೆನಪಿಟ್ಟುಕೊಂಡಿಲ್ಲ, ನಮ್ಮದೇ ಆಗಿಬಿಟ್ಟಿದೆ. ಆದರೆ ಅದರ ಜೊತೆ ಬರುವ ಕ್ರಿಯಾಪದ ನೋಡಿ. ಬಿಲ್ಡಪ್ ‘ಕೊಡೋದು’. ಕೊಡುವವನು ಒಬ್ಬ ಇರಬೇಕು, ಅವನ ಮೇಲೆ ನಮಗೆ ಸಣ್ಣ ಗುಮಾನಿಯೂ ಇರಬೇಕು. ಪಾರ್ಕಿನವರು ಬಿಲ್ಡಪ್ ಕೊಟ್ಟರು ಅಂದರೆ ಸರಿ. ಅಭಿಮಾನಿಗಳು ಬಿಲ್ಡಪ್ ಕೊಟ್ಟರು ಅಂದರೆ ಅವರಿಗೆ ಯಾರೋ ದುಡ್ಡು ಕೊಟ್ಟ ಹಾಗೆ ಕೇಳುತ್ತದೆ.

‘ಹವಾ’ ಬೇರೆ. ಹವಾ ‘ಏಳುತ್ತದೆ’, ‘ಇರುತ್ತದೆ’. ಸಿನಿಮಾ ಹವಾ, ಎಲೆಕ್ಷನ್ ಹವಾ. ಎಬ್ಬಿಸಿದವರು ಯಾರು ಅಂತ ಹೇಳುವ ಅಗತ್ಯ ಇಲ್ಲ, ಗಾಳಿಗೆ ಒಡೆಯ ಯಾರು? ಈ ಪದ ಈ ಕೋಸ್ಟರ್‌ಗೆ ಇನ್ನೊಂದು ಕಾರಣಕ್ಕೂ ಹೊಂದುತ್ತದೆ. ಹವಾ ಅರಬ್ಬಿಯಿಂದ ಬಂದದ್ದು. ಅಲ್ಲಿಯೂ ಗಾಳಿ ಅಂತಲೇ ಅರ್ಥ. ಅದೇ ಧಾತುವಿನಿಂದ ಹುಟ್ಟಿದ, ಹೆಚ್ಚುಕಡಿಮೆ ಹಾಗೇ ಕೇಳುವ ಇನ್ನೂ ಎರಡು ಪದ ಅರಬ್ಬಿಯಲ್ಲಿವೆ. ಒಂದಕ್ಕೆ ಮೋಹ, ಆಸೆ ಅಂತ ಅರ್ಥ. ಇನ್ನೊಂದಕ್ಕೆ ಮೇಲಿನಿಂದ ಕೆಳಗೆ ಬೀಳು, ಹಕ್ಕಿಯ ಹಾಗೆ ಎರಗು ಅಂತ ಅರ್ಥ. ಗಾಳಿ, ಮೋಹ, ಬೀಳೋದು! ಡೇಗೆಯ (ಫಾಲ್ಕನ್ ಅಂದರೆ ಅದೇ) ಹೆಸರಿಟ್ಟುಕೊಂಡು ಬೆಟ್ಟದ ಅಂಚಿಂದ ಬೀಳುವ ರೈಲಿಗೆ ಇದಕ್ಕಿಂತ ಏನು ಬೇಕು? ಅರಬ್ಬಿ ಬಲ್ಲವರು ಬಳಗದಲ್ಲಿದ್ದರೆ ಇನ್ನಷ್ಟು ಹೇಳಿ. ನಾನಂತೂ ನಿಘಂಟು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆದರೂ ಒಂದು ಕೊರತೆ. ಹವಾ ಇರುವುದು ಕೋಸ್ಟರ್‌ಗೆ. ಅಭಿಮಾನಿಗಳು ಮಾಡಿದ್ದೇನು?

ಇದಕ್ಕೆ ಉತ್ತರ ಕೊಟ್ಟದ್ದು ಅಕ್ಕ. ನಾವು ಕುಂದಾಪುರದ ಕಡೆಯವರು. ಚಿಕ್ಕವರಿದ್ದಾಗ ಕೋಟೇಶ್ವರದ ಕೊಡಿ ಹಬ್ಬಕ್ಕೆ ಒಂದು ವಾರ ಇದೆ ಅನ್ನುವಾಗಲೇ ತೊಟ್ಟಿಲು ಕಟ್ಟುವುದನ್ನು ನೋಡೋಕೆ ಓಡುತ್ತಿದ್ದೆವು. ತೊಟ್ಟಿಲು ಅಂದರೆ ಜೈಂಟ್ ವೀಲ್, ಬಯಲುಸೀಮೆಯವರು ಕೂಸಿನ ತೊಟ್ಟಿಲು ಅಂದುಕೊಂಡೀರಿ. ಈ ಸಲದ್ದು ದೊಡ್ಡದು, ಹೋದ ಸಲದ್ದು ಇದಕ್ಕಿಂತ ಜೋರಿತ್ತು, ಮೇಲಿನ ಪೆಟ್ಟಿಗೆಯ ಸರಪಳಿ ಸಡಿಲ ಇದೆ, ನಾನು ಹತ್ತೋದಿಲ್ಲ, ನಾನೇ ಮೊದಲು ಹತ್ತೋದು. ಜಗಳ ಆಗಿ ಮಾತು ಬಿಟ್ಟದ್ದೂ ಉಂಟು. ಹಬ್ಬದ ದಿನ ತೊಟ್ಟಿಲಲ್ಲಿ ಕೂತದ್ದು ಐದು ನಿಮಿಷ. ಮಾತಾಡಿದ್ದು ಒಂದು ವಾರ. ಇದನ್ನು ನೆನಪಿಸಿದ್ದಕ್ಕೆ ಅಕ್ಕ, ‘ಅದಕ್ಕೆ ಗೌಜಿ ಅಂದ್ರೆ ಆಯ್ತಲ್ಲ’ ಅಂದಳು.

ಗೌಜಿ! ಕರಾವಳಿಯಲ್ಲಿ ಮದುವೆ ಗೌಜಿ, ಹಬ್ಬದ ಗೌಜಿ ಅಂತ ದಿನಾ ಬಳಸುವ ಮಾತು. ಗಲಾಟೆ, ಸಂಭ್ರಮ, ಓಡಾಟ ಮೂರೂ ಅದರೊಳಗಿದೆ. ಅದರ ಕ್ರಿಯಾಪದ ‘ಮಾಡು’. ಗೌಜಿಯನ್ನು ಜನ ಮಾಡುತ್ತಾರೆ, ಯಾರಿಗೂ ಕೊಡೋದಿಲ್ಲ. ಗುಮಾನಿ ಇಲ್ಲ, ಕುಹಕವೂ ಇಲ್ಲ. ಸಡಗರ ಅನ್ನಬಹುದಿತ್ತು, ಆದರೆ ಸಡಗರದಲ್ಲಿ ಜಗಳಕ್ಕೆ ಜಾಗ ಇಲ್ಲ. ಗೌಜಿಯಲ್ಲಿ ಇದೆ.

ಅಳಿಯನಿಗೆ ಹೇಳಿದೆ: ಪಾರ್ಕಿನವರು ಬಿಲ್ಡಪ್ ಕೊಟ್ಟರು, ಕೋಸ್ಟರ್‌ಗೆ ಹವಾ ಎದ್ದಿತು, ಅಭಿಮಾನಿಗಳು ಗೌಜಿ ಮಾಡಿದರು. ಇಂಗ್ಲಿಷಿನವರು ಮೂರಕ್ಕೂ ಹೈಪ್ ಅಂದರೆ ನಾವೂ ಒಂದೇ ಪದ ಹುಡುಕಬೇಕಾ? ಅವನ ತಕರಾರು ಬೇರೆ ಇತ್ತು. ‘ಮಾವ, ಇವರೆಲ್ಲ ಒಬ್ಬೊಬ್ಬರೇ ರೂಮಿನಲ್ಲಿ ಮೊಬೈಲ್ ಹಿಡಿದು ಕೂತವರು. ಒಬ್ಬನೇ ಕೂತು ಗೌಜಿ ಮಾಡೋಕಾಗುತ್ತಾ?’ ನನಗೆ ಉತ್ತರ ಹೊಳೆಯಲಿಲ್ಲ. ನಿಮಗೆ ಏನನ್ನಿಸುತ್ತದೆ? ಮೈಸೂರು, ಧಾರವಾಡದ ಕಡೆಯವರಿಗೆ ಗೌಜಿ ಅಂದರೆ ತಿಳಿಯುತ್ತದಾ, ಅಥವಾ ಬರೀ ಗದ್ದಲ ಅನ್ನಿಸುತ್ತದಾ?

ಇನ್ನೊಂದು ಪದವೂ ಬೇಕಾಗಿದೆ. ಕೋಸ್ಟರ್ ದಿಬ್ಬ ದಾಟುವಾಗ ಸೀಟಿನಿಂದ ಮೇಲೇಳುತ್ತೇವಲ್ಲ, ಅದಕ್ಕೆ ಈ ಅಭಿಮಾನಿಗಳು ಏರ್‌ಟೈಮ್ ಅಂತಾರೆ. ಹೊಸ ಕೋಸ್ಟರ್ ಅಂದರೆ ಮೊದಲ ಚರ್ಚೆ ಇದೇ. (ಅಕ್ಕ ಅದನ್ನು ಮೊಬೈಲ್ ರೀಚಾರ್ಜ್ ಅಂದುಕೊಂಡಿದ್ದಳು.) ಅದರಲ್ಲಿ ಎರಡು ಬಗೆ. ಎಸೆದ ಕಲ್ಲು ಗಾಳಿಯಲ್ಲಿ ಯಾವ ಬಾಗಿನಲ್ಲಿ ಹೋಗುತ್ತದೋ ದಿಬ್ಬಕ್ಕೂ ಅದೇ ಬಾಗು ಕೊಟ್ಟರೆ ಮೈ ಹಗುರಾಗಿ ನಿಧಾನಕ್ಕೆ ಏಳುತ್ತದೆ. ಬಾಗು ಅದಕ್ಕಿಂತ ಬಿಗಿಯಾದರೆ ರೈಲು ಕೆಳಗೆ ಹೋಗುತ್ತದೆ, ನಾವು ಮೇಲೆ ಹೋಗುತ್ತೇವೆ, ತೊಡೆ ಮೇಲಿನ ಕಂಬಿ ಹಿಡಿದು ನಿಲ್ಲಿಸುತ್ತದೆ. ಮೊದಲನೆಯದಕ್ಕೆ ‘ತೇಲು’ ಸಾಕು. ಎರಡನೆಯದು ನಮಗೆಲ್ಲ ಗೊತ್ತಿರುವುದೇ. ಬಸ್ಸಿನ ಕೊನೇ ಸೀಟು, ಡ್ರೈವರ್‌ಗೆ ಹಂಪ್ ಕಾಣಲಿಲ್ಲ, ತಲೆ ಹೋಗಿ ಮೇಲಿನ ಕಂಬಿಗೆ. ‘ಎತ್ತಿಹಾಕಿತು’ ಅಂತೀವಿ. ‘ಈ ದಿಬ್ಬ ಎತ್ತಿಹಾಕುತ್ತದಾ, ತೇಲಿಸುತ್ತದಾ?’ ಅಂದರೆ ಅಭಿಮಾನಿಗಳ ಪೂರ್ತಿ ವಾದ ಒಂದು ಸಾಲಲ್ಲಿ ಬಂತು, ಅಲ್ವಾ? ಆದರೆ ಎತ್ತಿಹಾಕು ಅನ್ನೋದರಲ್ಲಿ ಬೈಗುಳ ಇದೆ. ಖುಷಿಯಿಂದ ಎತ್ತಿಹಾಕಿಸಿಕೊಳ್ಳೋದಕ್ಕೆ ಪದ ಇದ್ದರೆ ತಿಳಿಸಿ. ‘ಎಗರು’ ಆಗುತ್ತದಾ ಅಂತ ಯೋಚಿಸುತ್ತಿದ್ದೇನೆ.

ರೋಲರ್ ಕೋಸ್ಟರ್‌ಗೇ ಕನ್ನಡ ಪದ ಮಾಡಿ ಅಂತ ಯಾರೂ ಹೊರಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಫ್ರೆಂಚರೂ ಸ್ಪ್ಯಾನಿಷರೂ ಅದನ್ನು ‘ರಷ್ಯದ ಬೆಟ್ಟ’ ಅಂತಾರೆ. ರಷ್ಯದವರು ‘ಅಮೆರಿಕದ ಗುಡ್ಡ’ ಅಂತಾರೆ. ಯಾರೂ ತಮ್ಮದು ಅಂತ ಒಪ್ಪಿಕೊಂಡಿಲ್ಲ. ನಾವು ‘ಕೋಸ್ಟರ್’ ಅನ್ನೋಣ.

ವಿಡಿಯೊ ಈ ಭಾನುವಾರ ಮುಗಿಸಬೇಕಂತೆ. ಅಷ್ಟರೊಳಗೆ ಬರೆದರೆ ಉಪಕಾರ.